ನೀರು ಹಾಯಿಸಿದ ರಾತ್ರಿ

ನಾನು ಲೇಹ್‌ನಲ್ಲಿದ್ದ ಕಾಲಕ್ಕೆ ಐಸ್ ಹಾಕಿ ರಿಂಕ್ ಅಂದರೆ ಕರ್ಜೂ ಕೆರೆಯೇ. ಮೇಲೆ ಸೂರಿಲ್ಲ, ಕೆಳಗೆ ಯಂತ್ರವಿಲ್ಲ. ಸುಮಾರು 3,500 ಮೀಟರ್ ಎತ್ತರದ ಊರು. ಡಿಸೆಂಬರ್ ಬಂತೆಂದರೆ ಕೆರೆ ತಾನಾಗಿಯೇ ಹೆಪ್ಪುಗಟ್ಟುತ್ತದೆ, ನಿಜ. ಆದರೆ ಹೆಪ್ಪುಗಟ್ಟಿದ ಕೆರೆ ಬೇರೆ, ಆಡುವ ಅಂಗಳ ಬೇರೆ. ಹಗಲೆಲ್ಲ ಬ್ಲೇಡುಗಳು ಗೀರಿದ್ದನ್ನು ರಾತ್ರಿ ಊರವರೇ ನಿಂತು ನಯ ಮಾಡುತ್ತಿದ್ದರು.

ಒಂದು ರಾತ್ರಿ ನಾನಿದ್ದ ಮನೆಯೊಡೆಯರ ಮಗ ನನ್ನನ್ನೂ ಎಬ್ಬಿಸಿಕೊಂಡು ಹೋದ. ನಮ್ಮ ಕಡೆ ನಡುರಾತ್ರಿ ಕರೆಂಟು ಬಂದಾಗ ಗದ್ದೆಗೆ ನೀರು ಹಾಯಿಸಲು ಹೊರಡುತ್ತಾರಲ್ಲ, ಹಾಗೆಯೇ. ಮೊದಲು ಗುಡಿಸಬೇಕು. ಒಂದು ಚಿಟಿಕೆ ಧೂಳು ಉಳಿದರೂ ಮರುದಿನ ಬಿಸಿಲಿಗೆ ಅದು ಕಾದು ಸುತ್ತಲಿನ ಮಂಜುಗಡ್ಡೆಯನ್ನು ಕರಗಿಸುತ್ತದೆ, ಅಲ್ಲೊಂದು ಗುಳಿ ಬೀಳುತ್ತದೆ. ಆಮೇಲೆ ನೀರು. ತೆಳುವಾಗಿ ಹರಡಿ, ಅದು ಕಟ್ಟುವವರೆಗೆ ಕಾದು, ಮತ್ತೆ ಹರಡಬೇಕು. ಆತುರಪಟ್ಟು ಹೆಚ್ಚು ಸುರಿದರೆ ಮೇಲಷ್ಟೇ ಗಟ್ಟಿಯಾಗಿ ಒಳಗೆ ಪೊಳ್ಳು ಉಳಿಯುತ್ತದೆ. ಪೈಪನ್ನೂ ನೆಲಕ್ಕೆ ಇಡುವಂತಿಲ್ಲ. ಹರಿವು ನಿಂತರೆ ನೀರು ಒಳಗೇ ಕಲ್ಲಾಗುತ್ತದೆ. ಕೈ ಬದಲಾಯಿಸುತ್ತ ಹಿಡಿದೆವು. ತೊಟ್ಟಿಕ್ಕಿದ ನೀರು ನನ್ನ ಕೈಗವಸಿನ ಮೇಲೆಯೇ ಗಟ್ಟಿಯಾಯಿತು, ಬೆರಳು ಮಡಚಲಾಗಲಿಲ್ಲ. ಒಬ್ಬ ಹಿರಿಯರು ಉಪ್ಪು ಚಹಾ ಕೊಡುತ್ತ ತಮ್ಮ ಕಾಲದ ಸ್ಕೇಟು ನೆನೆದರು: ಸೇನೆಯ ಹಳೇ ಬೂಟಿಗೆ ಕಬ್ಬಿಣದ ಪಟ್ಟಿ ಜಡಿದದ್ದು.

ಅಲ್ಲಿ ಹುಡುಗಿಯರಿಗೆ ಸಿಗುತ್ತಿದ್ದ ಸಮಯ ಕಡಿಮೆ. ಹುಡುಗರ ಆಟ ಮುಗಿಯಬೇಕು, ಆಮೇಲೆ ಇವರ ಸರದಿ. ಅಷ್ಟು ಹೊತ್ತಿಗೆ ಮೇಲ್ಮೈಯೆಲ್ಲ ಗೀರು. ನನಗೆ ಅದು ಈಗಲೂ ಸಹಿಸಲಾಗದ ಅನ್ಯಾಯ. ದೇಶದಲ್ಲಿ ಒಳಾಂಗಣ ರಿಂಕ್ ಇರಲಿಲ್ಲವೆಂದಲ್ಲ. ದೆಹರಾಡೂನ್‌ನಲ್ಲಿ 2011ರಲ್ಲಿ ದೊಡ್ಡದೊಂದು ಸಿದ್ಧವಾಗಿತ್ತು, ಆಮೇಲೆ ವರ್ಷಗಟ್ಟಲೆ ಬಾಗಿಲು ಮುಚ್ಚಿಕೊಂಡಿತ್ತು.

ಆದರೂ ಭಾರತದ ಮಹಿಳಾ ತಂಡ ಕಟ್ಟಿದವರು ಹೆಚ್ಚಾಗಿ ಲಡಾಖಿನ ಹುಡುಗಿಯರೇ. 2016ರಲ್ಲಿ ತೈಪೆಗೆ ಹೋಗಿ ಸೋತು ಬಂದರು. 2017ರಲ್ಲಿ ಬ್ಯಾಂಕಾಕ್‌ನಲ್ಲಿ ಫಿಲಿಪ್ಪೀನ್ಸ್ ತಂಡವನ್ನು 4–3ರಿಂದ ಮಣಿಸಿದರು. ಅದು ಅವರ ಮೊದಲ ಅಂತರರಾಷ್ಟ್ರೀಯ ಗೆಲುವು. ಸುದ್ದಿ ಓದಿದೊಡನೆ ಮನೆಯೊಡೆಯರ ಮಗನಿಗೆ ಫೋನು ಮಾಡಿದೆ. ಅವನು ಗೋಲು ಹೊಡೆದವರ ಹೆಸರುಗಳನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಈ ಸಲ ಹುಡುಗಿಯರ ಅಭ್ಯಾಸಕ್ಕೆ ಬೇರೆಯಾಗಿಯೇ ನೀರು ಹಾಯಿಸುತ್ತೇವೆ ಅಂದ.