ಬಿಳಿ ದೋಣಿಗೆ ಕೆಂಪು ಚುಕ್ಕೆ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆಯಲ್ಲಿ ದುರಸ್ತಿಯ ಗಡಿಬಿಡಿ ಆಗಲೇ. ದಡದಲ್ಲಿ ಕವುಚಿ ಹಾಕಿದ್ದ ನಮ್ಮ ಬಿಳಿ ಫೈಬರ್ ದೋಣಿಗೆ ಒಂದೇ ಮಳೆಗೆ ಮೈತುಂಬ ಕೆಂಪು ಚುಕ್ಕೆ!

"ಅಜ್ಜ, ಫೈಬರಿಗೂ ತುಕ್ಕು ಹಿಡೀತದಾ?" ಮೊಮ್ಮಗಳು ಕೇಳಿದಳು.

"ಇಲ್ಲ ಮಗಾ. ಪಕ್ಕದವರು ಕಬ್ಬಿಣಕ್ಕೆ ಗ್ರೈಂಡರ್ ಹಿಡಿದಾಗ ಹಾರಿದ ಪುಡಿ ಇಲ್ಲಿ ಕೂತಿದೆ. ತುಕ್ಕು ಹಿಡಿದದ್ದು ಅದಕ್ಕೆ."

ಸ್ಯಾಂಡ್‌ಪೇಪರ್ ಬೇಡವೆಂದೆ, ದೋಣಿಯ ಹೊಳಪೇ ಹೋದೀತು. ಹಿತ್ತಲಿನ ಬಿಂಬುಳಿ ಜಜ್ಜಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೊಳೆದೆವು. ಅದರಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಎರಡು ಮೂರು ಸಲಕ್ಕೆ ಚುಕ್ಕೆ ಮಾಸಿತು.

ಪಕ್ಕದವರ ಮೇಲೆ ಮೊಮ್ಮಗಳಿಗೆ ಸಿಟ್ಟು. ಅವರಿಗೂ ದುರಸ್ತಿಗೆ ಸಿಗುವುದು ಈ ಎರಡೇ ತಿಂಗಳು ತಾನೇ? ಈಗ ಗ್ರೈಂಡರ್ ಶುರುಮಾಡುವ ಮುಂಚೆ ಅವರು ಕೂಗಿ ಹೇಳುತ್ತಾರೆ; ಇವಳು ಓಡಿಹೋಗಿ ಟಾರ್ಪಾಲು ಹೊದಿಸುತ್ತಾಳೆ.