ಹೆಡ್ ಬಿಚ್ಚಿಸಬೇಡ, ಪುಟ್ಟಿ

ಮೈಸೂರು
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿ,

ನಿನ್ನ ಕಾಗದ, ಜೊತೆಗಿಟ್ಟ ಫೋಟೋಗಳು ಎಲ್ಲಾ ತಲುಪಿದವು. ಅಪ್ಪನ ಪದ್ಮಿನಿಯ ಇಂಜಿನ್ ಪೂರ್ತಿ ಬಿಚ್ಚಿಸಿ, ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ಬೇರಿಂಗ್ ಹಾಕಿಸಿ ಮನೆಗೆ ತಂದ ಮೇಲೆ ಕಾರಿನ ಅಡಿಯಲ್ಲಿ ಹಸಿರು ನೀರು ನಿಂತಿದ್ದು ಕಂಡರೆ ಯಾರಿಗೂ ಕೈಕಾಲು ಆಡುವುದಿಲ್ಲ. ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಮತ್ತೆ ಬಿಚ್ಚಬೇಕು ಅಂದರಂತೆ. ನೀನು ಬೇಸತ್ತು ‘ಮಾರಿಬಿಡ್ತೀನಿ ಮಾವ’ ಅಂತ ಬರೆದಿದ್ದೀಯ. ಹೆಡ್ ಬಿಚ್ಚಿಸುವುದೂ ಬೇಡ, ಮಾರುವುದೂ ಬೇಡ. ಯಾಕೆ ಅಂತ ಹೇಳುತ್ತೇನೆ, ಸಮಾಧಾನದಿಂದ ಓದು.

ಹೆಡ್ ಗ್ಯಾಸ್ಕೆಟ್ ಹೋದರೆ ಅದು ಸಾಮಾನ್ಯವಾಗಿ ಗುಟ್ಟಾಗಿ ಇರುವುದಿಲ್ಲ. ಆಯಿಲ್ ಡಿಪ್‌ಸ್ಟಿಕ್ಕಿನ ಮೇಲೆ, ಫಿಲ್ಲರ್ ಮುಚ್ಚಳದ ಒಳಗೆ ಹಾಲು ಬೆರೆಸಿದಂಥ ಬಣ್ಣ ಬರುತ್ತದೆ. ಇಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ನಿಲ್ಲುವುದಿಲ್ಲ. ತಣ್ಣಗಿದ್ದಾಗ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿದರೆ ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ಬಿಡದೆ ಏಳುತ್ತವೆ. ನೀನೇ ಬರೆದ ಪ್ರಕಾರ ಆಯಿಲ್ ಜೇನಿನ ಬಣ್ಣಕ್ಕಿದೆ, ಹೊಗೆ ಇಲ್ಲ. ಗುಳ್ಳೆ ಮೊದಲೆರಡು ಸಲ ಬಂದು ಆಮೇಲೆ ನಿಂತಿತು ಅಂದಿದ್ದೀಯ. ಅದು ಹೊಸದಾಗಿ ನೀರು ತುಂಬಿದಾಗ ಒಳಗೆ ಸಿಕ್ಕಿಕೊಂಡ ಗಾಳಿ. ಆ ಗಾಳಿ ಹೊರಬಂದಷ್ಟೂ ಮಟ್ಟ ಇಳಿಯುತ್ತದೆ, ಅದನ್ನು ಸೋರಿಕೆಯ ಲೆಕ್ಕಕ್ಕೆ ಸೇರಿಸಬೇಡ. ಇನ್ನೊಂದು ವಿಷಯ. ಈಗಿನ ಕಾರುಗಳಂತೆ ನಿನ್ನ ರೇಡಿಯೇಟರಿಗೆ ಉಕ್ಕಿದ ನೀರನ್ನು ಹಿಡಿದಿಟ್ಟು ವಾಪಸ್ ಕೊಡುವ ಬಾಟಲಿ ಇಲ್ಲ. ಕಂಠದವರೆಗೆ ತುಂಬಿಸಿದರೆ ಕಾದಾಗ ಹಿಗ್ಗಿದಷ್ಟು ಪಕ್ಕದ ಸಣ್ಣ ಪೈಪಿನಿಂದ ರಸ್ತೆಗೆ ಹೋಗುತ್ತದೆ. ಒಂದು ಅಂಗುಲ ಖಾಲಿ ಬಿಡು.

ಆದರೂ ನಿನಗೆ ಸೋರಿಕೆ ಇರುವುದು ನಿಜ. ಆದರೆ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲೇ ತೂತು ಇರಬೇಕು ಅಂತ ತಿಳಿಯಬೇಡ. ನೀರು ಬ್ಲಾಕಿನ ಮೈಮೇಲೆ ಜಾರಿ, ಬೋಲ್ಟಿನ ತಲೆ ಹಿಡಿದು, ಸಂಪಿನ ಅಂಚಿನಲ್ಲಿ ಸಾಗಿ, ಕೊನೆಗೆ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಸೇರುವ ತಗ್ಗಿನಲ್ಲಿ ಹನಿಯಾಗುತ್ತದೆ. ಮೂಲ ಬೇಕಾದರೆ ಕೆಳಗಿನಿಂದ ಮೇಲಕ್ಕೆ ಹುಡುಕಬೇಕು. ನಿನ್ನ ಮೂರನೆಯ ಫೋಟೋವನ್ನು ಭೂತಗನ್ನಡಿ ಇಟ್ಟು ತುಂಬಾ ಹೊತ್ತು ನೋಡಿದೆ. ಬ್ಲಾಕಿನ ಪಕ್ಕದಲ್ಲಿ, ಬಿಲ್ಲೆಯಂತೆ ಕಾಣುವ ಒಂದು ವೆಲ್ಚ್ ಪ್ಲಗ್ಗಿನ ಕೆಳ ಅಂಚಿನಿಂದ ತೆಳ್ಳಗೆ ಒಂದು ಹಸಿರುಬಿಳಿ ಗೆರೆ ಇಳಿದಿದೆ. ಕೂಲಂಟ್ ಸೋರಿ ಒಣಗಿದ ಕಡೆ ಅಂಥ ಗೆರೆ ಉಳಿಯುತ್ತದೆ. ನನ್ನ ಅನುಮಾನ ಪೂರ್ತಿ ಅದರ ಮೇಲಿದೆ.

ಆ ಪ್ಲಗ್ ಯಾಕಿದೆ ಗೊತ್ತಾ? ಬ್ಲಾಕನ್ನು ಎರಕ ಹೊಯ್ಯುವಾಗ ನೀರು ಓಡಾಡುವ ಜಾಗ ಟೊಳ್ಳಾಗಿ ಉಳಿಯಲು ಒಳಗೆ ಮರಳಿನ ಅಚ್ಚು ಇಡುತ್ತಾರೆ. ಎರಕ ಆರಿದ ಮೇಲೆ ಆ ಮರಳನ್ನು ಹೊರಗೆ ತೆಗೆಯಲು ಗೋಡೆಯಲ್ಲಿ ತೂತುಗಳಿರಬೇಕು. ಆ ತೂತುಗಳಿಗೆ ಆಮೇಲೆ ತಗಡಿನ ಪ್ಲಗ್ ಬಡಿದು ಮುಚ್ಚುತ್ತಾರೆ. ಬ್ಲಾಕಿನಲ್ಲಿ ನೀರಿಗಿರುವ ಗೋಡೆಗಳಲ್ಲಿ ತುಂಬಾ ತೆಳುವಾದದ್ದು ಅದು, ತುಕ್ಕು ಹೆಚ್ಚಾಗಿ ಅಲ್ಲಿಂದಲೇ ಹೊರಗೆ ಬರುತ್ತದೆ.

ಅಷ್ಟು ವರ್ಷ ಸೋರದ ಕಾರು ರಿಪೇರಿ ಆದಮೇಲೆ ಯಾಕೆ ಸೋರಿತು ಅಂತ ಕೇಳಿದ್ದೀಯ. ಭಾವ ಆಗಿನ ಎಲ್ಲರಂತೆ ರೇಡಿಯೇಟರಿಗೆ ಬರೀ ನೀರು ಹಾಕುತ್ತಿದ್ದರು. ಸಂಪಾಜೆ ಘಾಟಿ ಹತ್ತುವಾಗ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಆರುವವರೆಗೆ ಕಾದು, ಝರಿಯಿಂದ ಕ್ಯಾನಿನಲ್ಲಿ ನೀರು ಹಿಡಿದು ತರುತ್ತಿದ್ದ ಅವರ ಚಿತ್ರ ನನ್ನ ಕಣ್ಣಲ್ಲಿ ಇನ್ನೂ ಇದೆ. ಮಂಗಳೂರಿನ ಆಸ್ಪತ್ರೆಯಿಂದ ನಿನ್ನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದದ್ದೂ ಅದೇ ಘಾಟಿಯಲ್ಲಿ, ಅದೇ ಕಾರಿನಲ್ಲಿ. ಆ ನೀರು ಒಳಗೆ ತುಕ್ಕು ಕಟ್ಟಿತು, ಪ್ಲಗ್ಗುಗಳ ಅಂಚನ್ನು ತಿಂದಿತು, ತಿಂದ ಜಾಗವನ್ನು ಅದೇ ತುಕ್ಕು ಮುಚ್ಚಿಯೂ ಇತ್ತು. ಈಗ ಬ್ಲಾಕನ್ನು ಕಾಸ್ಟಿಕ್ ತೊಟ್ಟಿಯಲ್ಲಿ ಕುದಿಸಿ ತೊಳೆದಾಗ ಅದೆಲ್ಲ ಹೋಯಿತು. ಹೊಸ ಪ್ಲಗ್ ಹೊಡೆಯುವವರು ತೂತಿನ ಅಂಚನ್ನು ಹೊಳೆಯುವಷ್ಟು ಉಜ್ಜಿರದಿದ್ದರೆ, ಇಲ್ಲವೇ ಪ್ಲಗ್ ಓರೆಯಾಗಿ ಕೂತಿದ್ದರೆ, ನೀರಿಗೆ ಅಷ್ಟು ಸಂದು ಸಾಕು. ಬೋರಿಂಗ್ ಕೆಲಸ, ಪಿಸ್ಟನ್, ಬೇರಿಂಗ್ ಇವಕ್ಕೂ ಈ ಸೋರಿಕೆಗೂ ಸಂಬಂಧವಿಲ್ಲ. ನೀನು ಖರ್ಚು ಮಾಡಿದ ದುಡ್ಡು ಎಲ್ಲೂ ಹೋಗಿಲ್ಲ.

ಇಷ್ಟಾದರೂ ನನ್ನ ಅನುಮಾನವನ್ನೇ ನಂಬಿ ಕೂರಬೇಡ, ಪರೀಕ್ಷೆ ಮಾಡಿಸು. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ ಬ್ಲಾಕು, ಹೋಸುಗಳು, ಥರ್ಮೋಸ್ಟಾಟ್ ಮನೆ, ವಾಟರ್ ಪಂಪಿನ ಸುತ್ತ ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಒಣಗಿಸು. ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸು. ಕ್ಯಾಪ್ ಜಾಗದಲ್ಲಿ ಕೈಪಂಪಿನ ಪ್ರೆಶರ್ ಟೆಸ್ಟರ್ ಕೂರಿಸಿ, ಕ್ಯಾಪಿನ ಮೇಲೆ ನಮೂದಿಸಿದ ಒತ್ತಡದಷ್ಟೇ ಕೊಟ್ಟು ಹದಿನೈದು ನಿಮಿಷ ಬಿಡು. ಮುಳ್ಳು ಇಳಿದರೆ ಪೌಡರಿನ ಮೇಲೆ ಒದ್ದೆ ದಾರಿ ಮೂಡುತ್ತದೆ. ಆ ದಾರಿಯ ತುದಿಯಲ್ಲಿ ವೆಲ್ಚ್ ಪ್ಲಗ್ ಇದೆಯೋ, ಪಂಪಿನ ಕೆಳಗಿನ ಸಣ್ಣ ತೂತಿದೆಯೋ, ಹೋಸಿನ ಕ್ಲಿಪ್ ಇದೆಯೋ ನೋಡು. ಕ್ಲಿಪ್ಪುಗಳು ಕೆಲವು ಸಲ ತಣ್ಣಗಾದಾಗ ಮಾತ್ರ ಸೋರುತ್ತವೆ. ನಿಮ್ಮ ಮಡಿಕೇರಿಯ ಚಳಿಯಲ್ಲಿ ರಾತ್ರಿ ರಬ್ಬರು, ಲೋಹ ಎರಡೂ ಕುಗ್ಗುತ್ತವೆ. ಅದಕ್ಕೇ ಬೆಳಿಗ್ಗೆ ಅಂತ ಹೇಳಿದೆ.

ಹೆಡ್ ವಿಚಾರದಲ್ಲಿ ನಾನು ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಅಂದರೆ, ನಿನ್ನ 1089 ಸಿಸಿ ಇಂಜಿನ್ನಿನ ಬ್ಲಾಕ್ ಬೀಡುಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂದು. ಕಾದಾಗ ಅಲ್ಯೂಮಿನಿಯಂ ಬೀಡಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಒಂದಡಿ ಉದ್ದದ ಹೆಡ್ 70 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಬೆಳೆಯುತ್ತದೆ, ಬ್ಲಾಕ್ ಅದರ ಅರ್ಧದಷ್ಟು. ಈ ಎಳೆದಾಟವನ್ನು ನಡುವೆ ಕೂತು ತಾಳುವುದು ಗ್ಯಾಸ್ಕೆಟ್. ಸರಿಯಾಗಿ ಕೂತದ್ದನ್ನು ಕಾರಣವಿಲ್ಲದೆ ಕಿತ್ತರೆ ಅದನ್ನು ಬಿಸಾಡಬೇಕು, ಹೊಸದು ಹುಡುಕಬೇಕು. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಶುರುವಾಗಿ, 1974ರಲ್ಲಿ ಪದ್ಮಿನಿ ಅನ್ನುವ ಹೆಸರು ಪಡೆದ ಕಾರು ಇದು. ತಯಾರಿ ನಿಂತು ಇಪ್ಪತ್ತು ವರ್ಷದ ಮೇಲಾಯಿತು. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರಿಗೆ ರಸ್ತೆ ಬಿಟ್ಟವು. ಇನ್ನು ಮುಂದೆ ಒಳ್ಳೆಯ ಸಾಮಾನು ಸಿಗುವುದು ಕಷ್ಟವಾಗುತ್ತಲೇ ಹೋಗುತ್ತದೆ. ಹೆಡ್ ಬಿಚ್ಚುವ ಬದಲು ಅದರ ನಟ್ಟುಗಳನ್ನು ತಣ್ಣಗಿದ್ದಾಗ ಮಧ್ಯದಿಂದ ಹೊರಕ್ಕೆ, ಟಾರ್ಕ್ ರೆಂಚಿನಲ್ಲಿ ಇನ್ನೊಮ್ಮೆ ನೋಡಿಸು. ಹೊಸ ಗ್ಯಾಸ್ಕೆಟ್ ಒಮ್ಮೆ ಕಾದು ಆರಿದ ಮೇಲೆ ಸ್ವಲ್ಪ ಅದುಮಿಕೊಳ್ಳುತ್ತದೆ.

ಪಕ್ಕದ ಮನೆಯವರು ಅರಿಶಿನ ಹಾಕಿ ಅಂದರಂತೆ. ಘಾಟಿಯ ನಡುವೆ ಸಿಕ್ಕಿಹಾಕಿಕೊಂಡ ಎಷ್ಟೋ ಡ್ರೈವರುಗಳನ್ನು ರೇಡಿಯೇಟರಿಗೆ ಸುರಿದ ಒಂದು ಹಿಡಿ ಅರಿಶಿನ ಮನೆ ಮುಟ್ಟಿಸಿದೆ. ಆದರೆ ಅದು ಮನೆ ಮುಟ್ಟುವ ಉಪಾಯ. ಹೊಸ ಇಂಜಿನ್ನಿಗೆ ಹಾಕಿದರೆ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಮಡ್ಡಿ ಕಟ್ಟುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ಪುಡಿಗೂ ಇದೇ ಮಾತು.

ಬೋರ್‌ವೆಲ್ ನೀರೂ ಬೇಡ. ಡಿಸ್ಟಿಲ್ಡ್ ವಾಟರಿಗೆ ಅಷ್ಟೇ ಕೂಲಂಟ್ ಬೆರೆಸು. ಬೀಡು, ಅಲ್ಯೂಮಿನಿಯಂ ಎರಡೂ ಒಂದೇ ನೀರಿನಲ್ಲಿ ಮುಳುಗಿರುವಾಗ ಉಪ್ಪು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತದೆ. ಕ್ಯಾಪಿನ ರಬ್ಬರ್ ಗಟ್ಟಿಯಾಗಿದ್ದರೆ ಕ್ಯಾಪನ್ನೇ ಬದಲಿಸು. ನೀವಿರುವ ಸುಮಾರು 1,150 ಮೀಟರ್ ಎತ್ತರದಲ್ಲಿ ಬರೀ ನೀರು 96 ಡಿಗ್ರಿಗೇ ಕುದಿಯುತ್ತದೆ, ಒತ್ತಡ ಹಿಡಿದಿಡುವ ಕ್ಯಾಪ್ ಅಲ್ಲಿ ಬಹಳ ಮುಖ್ಯ. ಬಿಸಿ ಇರುವಾಗ ಅದನ್ನು ಎಂದಿಗೂ ತೆಗೆಯಬೇಡ. ನೆಲದ ಮೇಲೆ ಚೆಲ್ಲಿದ ಹಸಿರು ನೀರನ್ನು ತಕ್ಷಣ ತೊಳೆ. ಅದು ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಅದರ ಮೂತ್ರಪಿಂಡ ಹೋಗುತ್ತದೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಪ್ರೆಶರ್ ಟೆಸ್ಟರನ್ನೂ, ಅಳತೆಗೆ ತಕ್ಕ ಹಿತ್ತಾಳೆ ಪ್ಲಗ್ಗುಗಳನ್ನೂ ನಾನೇ ತರುತ್ತೇನೆ. ನೀನು ಎಮೆರಿ ಕಾಗದ ತಂದಿಡು. ಪರೀಕ್ಷೆಯಲ್ಲಿ ಪ್ಲಗ್ಗೇ ಸೋರುವುದು ಕಂಡರೆ ನೀರು ಇಳಿಸಿ, ಈಗಿರುವ ಪ್ಲಗ್ಗನ್ನು ಒಂದು ಅಂಚಿಗೆ ಹೊಡೆದು ತಿರುಗಿಸಿ ಕೀಳೋಣ, ಒಳಗೆ ಬೀಳದಂತೆ ನಾನು ಇಕ್ಕಳದಲ್ಲಿ ಹಿಡಿಯುತ್ತೇನೆ. ಅಲ್ಲಿಯವರೆಗೆ ಗ್ಯಾರೇಜಿಗೆ ಕಾರು ಬಿಡಬೇಡ, ಕೊಳ್ಳಲು ಬಂದವರಿಂದ ಮುಂಗಡ ತೆಗೆದುಕೊಳ್ಳಬೇಡ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ ಸೋದರಮಾವ