ಅವ್ವನ ಒಂದು ದಿನದ ಬೆಂಗಳೂರು

ನಮ್ಮೂರಿನ ಹೆಸರಿನಲ್ಲೇ ಗುಳೇ ಇದೆ. ಎಲ್ಲಿಂದಲೋ ಗುಳೇ ಬಂದವರು ಗುಡ್ಡದ ಬುಡದಲ್ಲಿ ನೆಲೆ ನಿಂತು ಕಟ್ಟಿದ ಊರು ಗುಳೇದಗುಡ್ಡ ಎಂದು ಹಿರಿಯರು ಹೇಳುತ್ತಿದ್ದರು. ಈಗ ಅಲ್ಲಿಂದಲೇ ಜನ ಗುಳೇ ಹೊರಡುತ್ತಾರೆ. ಕೆಲವರು ಗೋವಾಕ್ಕೆ, ಕೆಲವರು ಮಂಗಳೂರಿಗೆ ಗಾರೆ ಕೆಲಸಕ್ಕೆ, ಉಳಿದವರು ಬೆಂಗಳೂರಿಗೆ. ನಾನೂ ಹಾಗೆ ಬಂದವನೇ. ಕೊರಳಲ್ಲಿ ಆಫೀಸಿನ ಗುರುತಿನ ಚೀಟಿ ನೇತಾಡುತ್ತದೆ ಎಂಬುದಷ್ಟೇ ವ್ಯತ್ಯಾಸ.

ನಮ್ಮೂರಿನ ಖಣವನ್ನು ಓದುಗರಲ್ಲಿ ಹಲವರು ನೋಡಿರಬಹುದು. ಇಳಕಲ್ ಸೀರೆಯ ಮೇಲೆ ತೊಡುವ ಕುಬಸದ ಬಟ್ಟೆ ಅದು. ರೇಷ್ಮೆ ಮತ್ತು ಹತ್ತಿಯ ನೂಲಿನಲ್ಲಿ ತೇರು, ಆನೆಹೆಜ್ಜೆ ಎಂದು ಸಣ್ಣ ಸಣ್ಣ ಬುಟ್ಟಾ ಎಬ್ಬಿಸುತ್ತಾರೆ. ಬೆಳಕಿಗೆ ಹಿಡಿದು ಅಲುಗಿಸಿದರೆ ಬಣ್ಣ ಬದಲಾಗುತ್ತದೆ. ಒಂದು ಕಾಲಕ್ಕೆ ಉತ್ತರ ಕರ್ನಾಟಕದಲ್ಲಿ, ಮಹಾರಾಷ್ಟ್ರದಲ್ಲಿ ಖಣವಿಲ್ಲದೆ ಮದುವೆಯಿಲ್ಲ, ಉಡಿ ತುಂಬುವುದಿಲ್ಲ. ಆಮೇಲೆ ನೈಲಾನ್ ಸೀರೆ ಬಂತು, ಅದಕ್ಕೆ ಮ್ಯಾಚಿಂಗ್ ಬ್ಲೌಸ್ ಬಂತು, ವಿದ್ಯುತ್ ಮಗ್ಗ ಬಂತು. ನಮ್ಮ ಓಣಿಯಲ್ಲಿ ನಾನು ಶಾಲೆಗೆ ಹೋಗುವಾಗ ಮನೆಮನೆಯಿಂದ ಕೇಳುತ್ತಿದ್ದ ಲಾಳಿಯ ಸದ್ದು ಈಗ ಎರಡೋ ಮೂರೋ ಮನೆಯಿಂದ ಕೇಳಿಸುತ್ತದೆ. ಅದರಲ್ಲಿ ಒಂದು ನಮ್ಮದು.

ಅಪ್ಪ ಇರುವ ತನಕ ಅವ್ವ ಕಂಡಿಕೆ ಸುತ್ತುತ್ತಿದ್ದಳು. ಅಪ್ಪ ಹೋದ ಮೇಲೆ ತಾನೇ ಕುಣಿಮಗ್ಗಕ್ಕೆ ಇಳಿದಳು. ಸಾವ್ಕಾರ ನೂಲು ಕೊಡುತ್ತಾನೆ, ನೇಯ್ದುಕೊಟ್ಟರೆ ಕೂಲಿ. ಅವಳ ಮೊಣಕಾಲು ಬಾತಿವೆ. ಮಗ್ಗ ಮಾರಿ ನಮ್ಮ ಜೊತೆ ಬಂದಿರು ಎಂದು ನಾನು ಮೂರು ವರ್ಷದಿಂದ ಹೇಳುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ಅಂತೂ ಬಾದಾಮಿಯಲ್ಲಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬಂದಳು. ಬಂದು ಒಂದು ವಾರ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತಳು. ನಾನು ಒಂದು ಶನಿವಾರ ಅವಳಿಗೆ ಊರು ತೋರಿಸಿಬಿಡೋಣ ಎಂದು ಹೊರಟೆ. ಮುಚ್ಚುಮರೆ ಏಕೆ, ಬೆಂಗಳೂರು ಅವಳಿಗೆ ಹಿಡಿಸಬೇಕು ಎಂಬುದೇ ನನ್ನ ಲೆಕ್ಕ.

ಮೊದಲು ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರಿಂದ ನಡೆಯುತ್ತಿರುವ ಹೋಟೆಲು. ಶನಿವಾರ ಬೆಳಿಗ್ಗೆ ಬಾಗಿಲ ಹೊರಗೆ ಹೆಸರು ಬರೆಸಿ ನಿಲ್ಲಬೇಕು. ಅವ್ವನಿಗೆ ಇದೇ ಆಶ್ಚರ್ಯ. “ತಿನ್ನಾಕ ರೊಕ್ಕಾ ಕೊಟ್ಟು ಮತ್ತ ಪಾಳಿ ಹಚ್ಚಬೇಕಾ?” ಎಂದಳು. ಒಳಗೆ ಕೂತ ಮೇಲೆ ಮಾಣಿ ತೋಳಿನುದ್ದಕ್ಕೂ ದೋಸೆಯ ತಟ್ಟೆಗಳನ್ನು ಜೋಡಿಸಿಕೊಂಡು ಬರುವುದನ್ನು ಬಾಯಿಬಿಟ್ಟು ನೋಡಿದಳು. ದೋಸೆ ತಿಂದು, “ರುಚಿ ಐತಿ. ಆದ್ರ ಕೈತುಂಬ ತುಪ್ಪ” ಎಂದು ಸೆರಗಿಗೆ ಕೈ ಒರೆಸಿಕೊಂಡಳು.

ಅಲ್ಲಿಂದ ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ, 1889ರ ಗಾಜಿನ ಮನೆ, ಇವನ್ನೆಲ್ಲ ನಾನು ವಿವರಿಸುತ್ತಿದ್ದೆ. ಅವಳಿಗೆ ಬೇಕಾಗಿದ್ದು ಬಂಡೆ. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಗೆ ಮುನ್ನೂರು ಕೋಟಿ ವರ್ಷ ಎನ್ನುತ್ತಾರೆ ಭೂವಿಜ್ಞಾನಿಗಳು. ನಮ್ಮ ಬಾದಾಮಿ, ಗುಳೇದಗುಡ್ಡದ ಕೆಂಪು ಮರಳುಗಲ್ಲು ಅದರ ಮುಂದೆ ಕೂಸು. ಮೊಣಕಾಲಿನ ನೋವು ಮರೆತು ಅರ್ಧ ಏರಿ ಕೂತಳು. ಅಲ್ಲಿ ಕೂತು ಹೇಳಿದ್ದು ಒಂದೇ ಮಾತು: “ಇದಿಷ್ಟ ನಮ್ಮೂರಾಗಿನ ಹಂಗ ಐತಿ.”

ಮೆಟ್ರೋದಲ್ಲಿ ಒಂದು ಪ್ರಸಂಗ ನಡೆಯಿತು. ಲಾಲ್‌ಬಾಗ್ ನಿಲ್ದಾಣದಲ್ಲಿ ಹತ್ತಿದೆವು. ಎದುರಿಗೆ ಕೂತಿದ್ದ ಕಾಲೇಜು ಹುಡುಗಿಯೊಬ್ಬಳು ಅವ್ವನ ಕುಬಸವನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ, “ಅಜ್ಜಿ, ಇದು ಖಣ ಅಲ್ವಾ? ಎಲ್ಲಿ ತಗೊಂಡ್ರಿ?” ಎಂದು ಕೇಳಿದಳು. ಅವ್ವ, “ತಗೊಂಡಿಲ್ಲವ್ವಾ, ನೇಯ್ದೀನಿ” ಅಂದಳು. ಹುಡುಗಿ ನಂಬಲಿಲ್ಲ ಅಂತ ಕಾಣುತ್ತದೆ, ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ರೈಲು ನ್ಯಾಷನಲ್ ಕಾಲೇಜು ದಾಟಿ ನೆಲದೊಳಗೆ ಇಳಿಯುವಷ್ಟರಲ್ಲಿ ಇಬ್ಬರೂ ಗೆಳತಿಯರಾಗಿದ್ದರು. ಈಗ ಖಣದ ಸೀರೆ, ಖಣದ ಚೀಲ, ಖಣದ ಗೊಂಬೆ ಎಲ್ಲ ಫ್ಯಾಷನ್ ಆಗಿದೆ ಎಂದು ಆ ಹುಡುಗಿಯೇ ಅವಳಿಗೆ ತಿಳಿಸಿದ್ದು. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದ ಮೇಲೂ ಅವ್ವ, “ಗೊಂಬಿಗೆ ಖಣ ಉಡಸ್ತಾರಂತ” ಎಂದು ತನ್ನಷ್ಟಕ್ಕೆ ನಗುತ್ತಿದ್ದಳು.

ಟಿಪ್ಪುವಿನ ಬೇಸಿಗೆ ಅರಮನೆ ಅಲ್ಲಿಂದ ಹತ್ತಿರ. 1781ರಲ್ಲಿ ಹೈದರಾಲಿ ಆರಂಭಿಸಿದ ಕಟ್ಟಡವನ್ನು ಟಿಪ್ಪು 1791ರಲ್ಲಿ ಮುಗಿಸಿದ. ಅದೇ ವರ್ಷ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೈನ್ಯ ಕೋಟೆಯನ್ನು ಹಿಡಿಯಿತು. ಟಿಪ್ಪುವಿನ ಹೆಸರು ಹೇಳಿದರೆ ಈಗ ನಮ್ಮ ನಾಡಿನಲ್ಲಿ ಜಗಳ ಶುರುವಾಗುತ್ತದೆ. ಅವ್ವ ಮಾತ್ರ ಆ ಸಾಗವಾನಿ ಕಂಬಗಳ ನಡುವೆ ತಂಪಿನಲ್ಲಿ ಕೂತು, ಒಂದು ಕಂಬವನ್ನು ಅಂಗೈಯಿಂದ ಸವರಿ, “ಎಂಥಾ ಚೊಲೋ ಕಟಗಿ” ಎಂದಳು. ಎಲ್ಲರೂ ಆ ಅರಮನೆಯನ್ನು ಹಾಗೆ ನೋಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಪೇಟೆಯೊಳಗೆ ಕಾಲಿಟ್ಟೆವು. ಬೆಂಗಳೂರೆಂದರೆ ಕಂಪ್ಯೂಟರ್ ಎಂದು ತಿಳಿದವರಿಗೆ ಒಂದು ಮಾತು. ಇದು ಮೂಲದಲ್ಲಿ ನೇಕಾರರ ಊರು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ನೇಕಾರರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಕಬ್ಬನ್‌ಪೇಟೆ, ನಗರ್ತಪೇಟೆಯ ಓಣಿಗಳಲ್ಲಿ ಮಗ್ಗಗಳಿದ್ದವು. ನಾವು ನಡೆಯುತ್ತಿದ್ದಾಗ ಒಂದು ಗಲ್ಲಿಯ ಮುಚ್ಚಿದ ಬಾಗಿಲ ಹಿಂದಿನಿಂದ ವಿದ್ಯುತ್ ಮಗ್ಗದ ಸದ್ದು ಕೇಳಿಸಿತು. ಅವ್ವ ಥಟ್ಟನೆ ನಿಂತಳು. ಬೈಕಿನವನೊಬ್ಬ ಹಾರನ್ ಹೊಡೆದ, ಕೈಗಾಡಿಯವನು ಬೈದ. ಅವಳು ಅಲುಗಲಿಲ್ಲ. “ಎರಡ ಅದಾವ” ಎಂದು ಸದ್ದಿನ ಮೇಲೆ ಮಗ್ಗ ಎಣಿಸಿದಳು.

ಚಿಕ್ಕಪೇಟೆಯ ಒಂದು ಅಂಗಡಿಯ ಬೊಂಬೆಗೆ ಖಣದ ಸೀರೆ ಉಡಿಸಿದ್ದರು. ಹೆಸರು ಬೇಡ, ಅಂಥ ಅಂಗಡಿಗಳು ಅಲ್ಲಿ ಹಲವು. ಅವ್ವ ಒಳಗೆ ಹೋಗಿಯೇಬಿಟ್ಟಳು. ಹುಡುಗ ಸೀರೆ ಬಿಡಿಸಿ ಹಾಕಿದ. “ಪ್ಯೂರ್ ಗುಳೇದಗುಡ್ಡ ಹ್ಯಾಂಡ್‌ಲೂಮ್ ಅಮ್ಮಾ” ಎಂದ. ಬೆಲೆ ಕೇಳಿ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವ್ವನ ಎರಡು ತಿಂಗಳ ಕೂಲಿ. ಅವ್ವ ಬಟ್ಟೆ ತಿರುಗಿಸಿ ಹಿಂಬದಿ ನೋಡಿದಳು. ಅಂಚಿನ ಮೇಲೆ ಬೆರಳಾಡಿಸಿದಳು. ಕೈಮಗ್ಗದಲ್ಲಿ ಬಟ್ಟೆ ಮುದುಡದಂತೆ ಅಗಲಕ್ಕೆ ಎಳೆದು ಹಿಡಿಯಲು ಒಂದು ಕಡ್ಡಿ ಇರುತ್ತದೆ, ಅದರ ಮೊಳೆಯ ಸಣ್ಣ ತೂತುಗಳು ಎರಡೂ ಅಂಚಿನಲ್ಲಿ ಸಾಲಾಗಿ ಉಳಿಯುತ್ತವೆ. ಅವಳು ಅದನ್ನೇ ಹುಡುಕುತ್ತಿದ್ದಳು.

“ತಮ್ಮಾ, ಇದು ಮಷೀನಿಂದು” ಎಂದಳು.

ಹುಡುಗ ವಾದಿಸಿದ. ಮಾಲೀಕರು ಗಲ್ಲಾದಿಂದ ಎದ್ದು ಬಂದು ಅವಳ ಕೈ ನೋಡಿದರು, ಕುಬಸ ನೋಡಿದರು. ದನಿ ಇಳಿಸಿ, “ಕೈಮಗ್ಗದ್ದು ಇಷ್ಟು ಸಿಗೋದಿಲ್ಲಮ್ಮಾ, ನೇಯೋರು ಎಲ್ಲಿದ್ದಾರೆ?” ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವ್ವ ಉತ್ತರ ಕೊಡದೆ ಸೀರೆಯನ್ನು ಅಂಗಡಿಯ ಹುಡುಗನಿಗಿಂತ ನೀಟಾಗಿ ಮಡಚಿಟ್ಟು ಹೊರಗೆ ಬಂದಳು.

ಊಟಕ್ಕೆ ಗಾಂಧಿನಗರದ ಒಂದು ಖಾನಾವಳಿ. ಜೋಳದ ರೊಟ್ಟಿ, ಎಣಗಾಯಿ, ಹೆಸರುಕಾಳು ಪಲ್ಲೆ, ಗುರೆಳ್ಳು ಚಟ್ನಿ, ಮೊಸರು. ರೊಟ್ಟಿ ಮುರಿದ ಕೂಡಲೇ, “ಇದನ್ನ ಬಡದಾಕಿ ನಮ್ಮ ಕಡ್ಯಾಕಿ” ಎಂದು ಎದ್ದು ಅಡುಗೆಮನೆಗೆ ನಡೆದಳು. ನಿಜವಾಗಿಯೂ ಒಲೆಯ ಮುಂದೆ ಹುನಗುಂದ ಕಡೆಯ ಹೆಣ್ಣುಮಗಳೊಬ್ಬಳಿದ್ದಳು. ಮಳೆ ಹೋದ ವರ್ಷ ಗಂಡನ ಜೊತೆ ಬಂದವಳು, ಹನ್ನೊಂದು ವರ್ಷವಾಯಿತಂತೆ. ಬೆಳಿಗ್ಗೆ ಕೂತರೆ ಮಧ್ಯಾಹ್ನ ಮೂರರ ತನಕ ರೊಟ್ಟಿ ಬಡಿಯುವುದೇ. ನಾನು ಕೈ ತೊಳೆದು ಬಂದರೂ ಇಬ್ಬರ ಮಾತು ಮುಗಿದಿರಲಿಲ್ಲ.

“ಇಲ್ಲಿ ಚೊಲೋ ಐತೇನವ್ವಾ?” ಅವ್ವ ಕೇಳುತ್ತಿದ್ದಳು.

“ದುಡಿಮಿ ಐತ್ರಿ ಯವ್ವಾ. ಮಕ್ಕಳು ಸಾಲಿ ಕಲ್ತಾವ. ಆದ್ರ ಸಂಜಿ ಮುಂದ ಹೊರಗ ಕುಂದ್ರಾಕ ಕಟ್ಟಿ ಇಲ್ರಿ.”

ಆ ಹೆಣ್ಣುಮಗಳು ದುಡ್ಡು ಬೇಡವೆಂದರೂ ಅವ್ವ ಐವತ್ತು ರೂಪಾಯಿ ಅವಳ ಕೈಯಲ್ಲಿ ತುರುಕಿ ಬಂದಳು.

ಮಧ್ಯಾಹ್ನದ ಮೇಲೆ ವಿಧಾನಸೌಧವನ್ನು ಹೊರಗಿನಿಂದ ನೋಡಿದೆವು. 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟಿದ್ದು, 1956ಕ್ಕೆ ಮುಗಿದಿದ್ದು. ಅವ್ವನಿಗೆ ಓದಲು ಬರುವುದಿಲ್ಲ, ಮೇಲೆ ಬರೆದಿರುವುದು ಏನು ಎಂದು ಕೇಳಿದಳು. “ಸರ್ಕಾರದ ಕೆಲಸ ದೇವರ ಕೆಲಸ” ಎಂದು ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೇಯೂದು ಯಾರ ಕೆಲಸಂತ?” ಎಂದಳು. ನೇಕಾರರ ಖಾತೆಗೆ ವರ್ಷಕ್ಕೆ 2000 ರೂಪಾಯಿ ಹಾಕುವ ನೇಕಾರ ಸಮ್ಮಾನ್ ಯೋಜನೆಯನ್ನು 2020ರಲ್ಲಿ ಸರ್ಕಾರ ತಂದಿತ್ತು, ಆಮೇಲೆ ಮೊತ್ತ ಏರಿಸಿತು. ಇಲ್ಲವೆನ್ನಲಾಗದು. ಆದರೆ ವರ್ಷಕ್ಕೊಮ್ಮೆ ಬರುವ ಸಮ್ಮಾನದಿಂದ ದಿನದ ಕೂಲಿ ಏರುವುದಿಲ್ಲ.

ಸಂಜೆ ಶಿವಾಜಿನಗರ. 1927ರ ರಸೆಲ್ ಮಾರ್ಕೆಟ್ಟಿನ ಮುಂದೆ ಹಣ್ಣು, ಹೂವು, ಜನ, ಕೂಗು. ಒಂದು ಚಾದಂಗಡಿಯಲ್ಲಿ ಬಿಸಿ ಸಮೋಸ, ಗಟ್ಟಿ ಹಾಲಿನ ಚಹಾ. ದಿನವಿಡೀ ತಿಂದಿದ್ದರಲ್ಲಿ ಅವ್ವನಿಗೆ ತೀರಾ ಹಿಡಿಸಿದ್ದು ಈ ಚಹಾ. ಅಂಗಡಿಯ ಮುದುಕರು ಅವಳ ಮಾತಿನ ಧಾಟಿ ಕೇಳಿ, “ಯಾವೂರು ಬೆಹೆನ್?” ಎಂದರು. ಹೇಳಿದಳು. ಅವರ ಅತ್ತೆಯ ತವರು ಬಾಗಲಕೋಟೆಯಂತೆ, ಹಿನ್ನೀರಿನಲ್ಲಿ ಮನೆ ಮುಳುಗಿತಂತೆ. ಎರಡನೇ ಚಹಾಕ್ಕೆ ಕಾಸು ತೆಗೆದುಕೊಳ್ಳಲಿಲ್ಲ.

ಮನೆಗೆ ಬಂದು ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ನಾನು ಮಗ್ಗದ ಮಾತು ಎತ್ತಿದೆ. ಕೊಳ್ಳುವವರು ಬಂದಿದ್ದರು, ಕಟ್ಟಿಗೆಯ ಬೆಲೆಗೆ ಕೇಳಿದ್ದರು.

“ಕಟಗಿ ಲೆಕ್ಕದಾಗ ಕೊಡೂದಿಲ್ಲ” ಎಂದಳು.

“ಮತ್ತ ಮೊಣಕಾಲು?”

“ನೋಯ್ತಾವ. ಇಲ್ಲಿ ಕುಂತ್ರೂ ನೋಯ್ತಾವ.”

ಸಾವ್ಕಾರನ ಕೂಲಿಗಿಂತ ನೇರವಾಗಿ ಮಾರಿದರೆ ಎಷ್ಟು ಸಿಗುತ್ತದೆ ಎಂದು ಅವಳೇ ಕೇಳಿದಳು. ಮೆಟ್ರೋದ ಹುಡುಗಿ ತನ್ನ ನಂಬರನ್ನು ಅವಳ ಮೊಬೈಲಿನಲ್ಲಿ ಹಾಕಿಕೊಟ್ಟಿದ್ದಳು, ನನಗೆ ಗೊತ್ತೇ ಇರಲಿಲ್ಲ. ಆ ಹುಡುಗಿಗೂ ಅವಳ ಗೆಳತಿಯರಿಗೂ ಸೇರಿ ಐದು ಖಣ ಬೇಕಂತೆ. ಐದು ಖಣದಿಂದ ಸಂಸಾರ ನಡೆಯುವುದಿಲ್ಲ ಎಂದು ನಾನು ಹೇಳಿದೆ. ಈಗಲೂ ನನ್ನ ಅಭಿಪ್ರಾಯ ಅದೇ. ಬರುವ ಮಳೆಗಾಲದಲ್ಲಿ ಆ ಕುಣಿಯ ಥಂಡಿಗೆ ಅವಳ ಕಾಲು ಏನಾಗುವುದೋ ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಮಂಗಳವಾರದ ರೈಲಿಗೆ ಕೆಳಗಿನ ಬರ್ತ್ ಸಿಕ್ಕಿತು. ಹಸಿರು ಮತ್ತು ಕೆಂಪು, ಆನೆಹೆಜ್ಜೆಯ ಬುಟ್ಟಾ, ಐದು. ಬಣ್ಣ ಮರೆಯದಂತೆ ಮೊಮ್ಮಗಳ ಕೈಯಿಂದ ಒಂದು ಚೀಟಿಯಲ್ಲಿ ಬರೆಸಿ, ಕುಬಸದೊಳಗೆ ಇಟ್ಟುಕೊಂಡು ಹೋದಳು.